ಹೊಳೆವ್ವ ತೆಗೆದ ಘಸಾರಾ

೧೯೮೮ರಲ್ಲಿ ನಾನು ಅಥಣಿಯ ಹೈಸ್ಕೂಲಿನಲ್ಲಿ ವಾಣಿಜ್ಯ ಕಲಿಸುವ ಕೆಲಸದಿಂದ ನಿವೃತ್ತಳಾದೆ. ಕೈಗೆ ಬಂದ ಹಣದಲ್ಲಿ ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ದ್ರಾಕ್ಷಿ ಬೆಳೆಯುವವರು ಮಕ್ಕಳ ಶಾಲೆಗೆಂದು ಊರಿಗೆ ಬಂದು ಮನೆ ಹುಡುಕುತ್ತಿದ್ದ ಕಾಲ. ನಾಲ್ಕು ವರ್ಷದ ಹಿಂದೆ ಮೂವತ್ತು ಸಾವಿರಕ್ಕೆ ಸಿಗುತ್ತಿದ್ದ ಮನೆಗೆ ಈಗ ನಲವತ್ತೈದು ಹೇಳುತ್ತಿದ್ದರು. ಇನ್ನೂ ಏರುತ್ತದೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ದಲಾಲ ಉತ್ತಮ ನನ್ನ ಹಳೆಯ ವಿದ್ಯಾರ್ಥಿ. ಅವನು ತೋರಿಸಿದ್ದು ರಾವಸಾಹೇಬರ ಎರಡು ಕೋಣೆಯ ಹಂಚಿನ ಮನೆ. ಅದರಲ್ಲಿ ಹಾಲು ಮಾರುವ ಹೊಳೆವ್ವ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದಳು. ನಾವು ಹೋದಾಗ, ನನ್ನ ಸೀರೆಗೆ ರಾಡಿ ತಾಗಬಾರದೆಂದು ಎಮ್ಮೆಯನ್ನು ಆಚೆ ಕಟ್ಟಿದಳು.

ಉತ್ತಮ ರಾವಸಾಹೇಬರ ಎದುರೇ ಕೊಡೆಯ ತುದಿಯಿಂದ ಗೋಡೆ ಕುಟ್ಟಿದ.

"ಘಸಾರಾ ಬಾಳ ಐತ್ರಿ ಸಾವಕಾರ್ರ. ಹೊಸ್ತಲಾ ನೋಡ್ರಿ, ಹೆಂಗ ತಗ್ಗ ಬಿದ್ದೈತಿ. ಘಸಾರಾ ತಗೀರಿ, ಆಮ್ಯಾಲ ಮಾತು. ನಲವತ್ತು."

ಸವಕಳಿಗೆ ನಮ್ಮ ಗಡಿಯ ಕಡೆ ಮರಾಠಿಯ ಆ ಮಾತೇ ಬಳಕೆ; ಅದನ್ನು ತೆಗೆಯುವುದೆಂದರೆ ಬೆಲೆಯಲ್ಲಿ ಕಳೆಯುವುದು. ರಾವಸಾಹೇಬರು ರವಿವಾರ ಹೇಳುತ್ತೇನೆಂದರು. ಬಾಗಿಲಲ್ಲಿ ನಿಂತ ಹೊಳೆವ್ವನ ಮುಖ ಸಣ್ಣದಾಗಿದ್ದು ನನಗೆ ಕಂಡಿತು, ಕಾರಣ ಹೊಳೆಯಲಿಲ್ಲ.

ದಾರಿಯಲ್ಲಿ ಉತ್ತಮ, "ಅಕ್ಕಾರ, ಘಸಾರಾ ತೋರಿಸಿದ್ರ ನಿಮಗ ಟ್ಯಾಕ್ಸನೂ ಉಳೀತೈತಿ" ಎಂದ.

"ಸಾಲ್ಯಾಗೂ ಇದನ್ನ ತಪ್ಪ ಬರದಿದ್ದಿ. ಘಸಾರಾ ಗಿರಣಿಗೆ, ಅಂಗಡಿಗೆ. ಬಾಡಿಗಿ ಮನಿಗೆ ಸಿಗೂದಿಲ್ಲ. ದುರಸ್ತಿಗಂತ ವರ್ಷದ ಬಾಡಿಗ್ಯಾಗ ಆರರಾಗ ಒಂದ ಪಾಲಿಗೆ ಟ್ಯಾಕ್ಸ್ ಬಿಡ್ತಾರ, ಅಷ್ಟ."

"ದುರಸ್ತಿ ಮಾಡಸ್ಲಿಲ್ಲಂದ್ರ?"

"ಆದ್ರೂ ಬಿಡ್ತಾರ."

"ಹಂಗಾರ ಮಾಡಸ್ಲೇಬ್ಯಾಡ್ರಿ!"

ರವಿವಾರ ಹೋದರೆ ಮನೆ ಗುರುತೇ ಸಿಗಲಿಲ್ಲ. ಗೋಡೆಗೆ ಸುಣ್ಣ, ಒಡೆದ ಹಂಚಿನ ಜಾಗದಲ್ಲಿ ಹೊಸ ಹಂಚು, ಹೊಸ್ತಿಲ ತಗ್ಗಿಗೆ ಸಿಮೆಂಟು. ಹೊಳೆವ್ವ ಸುಣ್ಣದ ಕೈಯಲ್ಲೇ ಮುಂದೆ ಬಂದಳು.

"ಘಸಾರಾ ತಗದೇನಿ. ಇನ್ನ ಎಲ್ಲೈತಿ ತೋರಸ್ರಿ. ನನ್ನ ಮಾತ್ರ ತಗೀಬ್ಯಾಡ್ರಿ."

ರಾವಸಾಹೇಬರು ನಕ್ಕರು. "ಕೇಳಿದ್ಯೇನೋ ಉತ್ತಮ? ನಲವತ್ತೈದಕ್ಕ ಒಂದ ಪೈಸಾ ಕಮ್ಮಿ ಇಲ್ಲ ಈಗ."

ಉತ್ತಮ ನನ್ನನ್ನು ಬದಿಗೆ ಕರೆದ. "ಐದ ಸಾವಿರ ಮುಣಗಿಸಿದ್ಲರಿ ಈ ಹೆಣ್ಮಗಳು. ಕೊಡೂದಾದ್ರ ಈಕೀನ ಬಿಡಿಸಿ ಕೊಡ್ರಿ ಅನ್ರಿ. ಹೊಸಬ್ರು ದೀಡಪಟ್ಟ, ನೂರಕ್ಕ ನೂರೈವತ್ತು, ಬಾಡಿಗಿ ಕೊಡ್ತಾರ." ಅವನ ಪಿಸುಮಾತು ಎಂದಿಗೂ ಕೊನೆಯ ಬೆಂಚಿನವರೆಗೆ ಕೇಳಿಸುವಂಥದು. ಹೊಳೆವ್ವ ಸೆರಗನ್ನು ಬಾಯಿಗೆ ಹಿಡಿದಳು.

ಉಳಿದ ಐದು ಸಾವಿರವನ್ನು ನಾನು ಚಿನ್ನದ ಪಾಟಲಿ ಬಳೆಗೆಂದು ಇಟ್ಟಿದ್ದೆ. ಕೈ ನೋಡಿಕೊಂಡೆ, ಗಾಜಿನ ಬಳೆ ಚೆನ್ನಾಗಿಯೇ ಇದ್ದವು. ಹೊಳೆವ್ವನಂಥವಳು ಇರುವ ಮನೆ ಸವೆಯುವುದಿಲ್ಲ. ಯಾವ ಪುಸ್ತಕದಲ್ಲೂ ಇದನ್ನು ಬರೆದಿಲ್ಲ, ಆದರೆ ಬೆಲೆ ಕಟ್ಟುವವರಿಗೆ ಗೊತ್ತಿರಬೇಕು.

"ನಲವತ್ತೈದು ಕೊಡ್ತೀನ್ರಿ ರಾವಸಾಹೇಬರ. ಹೊಳೆವ್ವ ಇಲ್ಲೇ ಇರ್ತಾಳ. ದುರಸ್ತಿ ಖರ್ಚ ನಂದು; ಕೆಲಸಾ ಆಕೀದು. ಅದಕ್ಕ ವರ್ಷಕ್ಕ ಎರಡ ತಿಂಗಳ ಬಾಡಿಗಿ ಆಕೀ ಕೊಡೂದ ಬ್ಯಾಡ. ಹನ್ನೆರಡರಾಗ ಎರಡು, ಆರರಾಗ ಒಂದ ಪಾಲು."

"ಅಕ್ಕಾರ, ಆ ಪಾಲಿನ ಟ್ಯಾಕ್ಸ್ ಅಷ್ಟ ಉಳೀತೈತ್ರಿ, ಪೂರಾ ರೊಕ್ಕ ಅಲ್ಲ!"

"ಇದನ್ನ ಮಾತ್ರ ಸರಿ ಹೇಳಿದಿ, ಉತ್ತಮ."

ಹೊಳೆವ್ವ ಇಬ್ಬರ ಮುಖವನ್ನೂ ನೋಡಿದಳು. "ಹಂಗಾರ ಘಸಾರಾ ಅಂದ್ರ ನಾನಲ್ಲೇನ್ರಿ?"

"ಅಲ್ಲವಾ. ಒಳಗ ಕರಿಯೂದಿಲ್ಲೇನು?"

ಅವಳು ಕೈ ಒರೆಸಿಕೊಂಡು ನನ್ನ ಮೊಳಕೈ ಹಿಡಿದಳು.

"ಬರ್ರೀ. ಹೊಸ್ತಲಾ ಇನ್ನೂ ಹಸೇ ಐತಿ, ದಾಟಿ ಬರ್ರೀ."