ಆಷಾಢಕ್ಕೆ ಸಿಕ್ಕಿದ ಪಿನಾಂಗಿನ ಮನೆ

೧

ಎಲ್ಲಿಂದ ಶುರುಮಾಡಲಿ ಹೇಳಿ? ಮೊದಲ ಡ್ರಾಫ್ಟಿನಲ್ಲಿ ಪಿನಾಂಗಿನ ಸಮುದ್ರದಿಂದ ಶುರುಮಾಡಿದ್ದೆ. ಅಲೆ, ತೆಂಗು, ಹಡಗು ಎಲ್ಲ ಬಂತು. ನಾನು ಕಂಡ ಅತಿ ದೊಡ್ಡ ನೀರೆಂದರೆ ಗುಬ್ಬಿ ಕೆರೆ. ಹರಿದುಹಾಕಿದೆ.

ಹಾಗಾಗಿ ಗುಬ್ಬಿಯಿಂದಲೇ. ಇಸವಿ ೧೯೫೯. ಶಾರದ ಟ್ರಂಕಿಗೆ ಸೀರೆ ಜೋಡಿಸುತ್ತಿದ್ದಾಳೆ. ಗಂಡ ಅನಂತರಾಮಯ್ಯ ಮಲಯ ದೇಶದ ಪಿನಾಂಗಿನಲ್ಲಿ ರಬ್ಬರ್ ಕಂಪನಿಯೊಂದರ ಗುಮಾಸ್ತ. ಹೋಗಿ ವರ್ಷಗಳಾದವು. ಈಗ ಅಲ್ಲೊಂದು ಪುಟ್ಟ ಮನೆ ಗೊತ್ತುಮಾಡಿ, ಬೆಲೆಯ ಹತ್ತರಲ್ಲೊಂದು ಪಾಲು ಮುಂಗಡ ಕಟ್ಟಿದ್ದಾನೆ. ಮಿಕ್ಕಿದ್ದನ್ನು ಜುಲೈ ಮುಗಿಯುವುದರೊಳಗೆ ಕಟ್ಟಬೇಕು. ತಪ್ಪಿದರೆ ಮನೆಯೂ ಹೋಯಿತು, ಮುಂಗಡವೂ ಹೋಯಿತು. ಕರಾರು ಹಾಗಿದೆ. ಮನೆಯಾದರೆ ಶಾರದ ಹಡಗು ಹತ್ತುತ್ತಾಳೆ, ಗಂಡನ ಜೊತೆ ಬಾಳುತ್ತಾಳೆ.

ಮಿಕ್ಕ ಹಣಕ್ಕೆ ಅಪ್ಪ ಕೊಟ್ಟ ತುಮಕೂರಿನ ಸೈಟು ಮಾರಬೇಕು. ಕೊಳ್ಳಲು ಬೆಳ್ಳಾವಿಯ ಕರಿಸಿದ್ದಪ್ಪ ತಯಾರು. ಶಾರದ ಸೈನು ಹಾಕಬೇಕು, ಅಷ್ಟೆ. (ಹೊರದೇಶಕ್ಕೆ ದುಡ್ಡು ಕಳಿಸುವ ಪರ್ಮಿಟ್ಟಿನ ಬಗ್ಗೆ ಎರಡು ಪುಟ ಬರೆದಿದ್ದೆ. ಬರೆಯುತ್ತ ನನಗೇ ತೂಕಡಿಕೆ ಬಂತು. ಸಿಕ್ಕಿತು ಅಂತ ಇಟ್ಟುಕೊಳ್ಳಿ.)

೨

ಆಷಾಢ ಬಂತು. ಸೈನು ಬೀಳಲಿಲ್ಲ.

ಇಲ್ಲಿ ಅತ್ತೆಯನ್ನು ಖಳನಾಯಕಿ ಮಾಡೋಣವೆಂದುಕೊಂಡೆ. ನನ್ನಂಥ ಸೋಮಾರಿಗೆ ಅದು ಸಲೀಸು. ಆದರೆ ಕೌಸಲ್ಯಮ್ಮ ಒಲೆ ಮುಂದಿನಿಂದ ಎದ್ದುಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಏನಪ್ಪಾ, ಕತೇಲಿ ಕೆಟ್ಟೋಳು ಬೇಕಂದ್ರೆ ಅತ್ತೇನೇ ಆಗ್ಬೇಕಾ? ಸೈನ್ ಹಾಕೇ ತಾಯಿ ಅಂತ ನಾನೇ ಬಡ್ಕೊಂಡೆ. ಹೋಗಿ ಅವಳನ್ನೇ ಕೇಳು."

೨ (ಮತ್ತೆ)

"ಶ್ರಾವಣ ಬರ್ಲಿ ಅತ್ತೆ, ಹಾಕ್ತೀನಿ. ಆಷಾಢದಲ್ಲಿ ಮನೆ ವ್ಯವಹಾರ ಬೇಡ" ಎಂದಳು ಶಾರದ.

"ಗಡುವು ಇದೆ ಅಂತ ನಿನ್ ಗಂಡ ಬರ್ದಿದಾನಲ್ಲೇ!"

"ಮುಂಗಡ ಇಸ್ಕೊಂಡೋರು ನಾಲ್ಕು ದಿನ ಕಾಯಲ್ವಾ? ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಮುಂಗಡ ಕೊಟ್ರೆ ಮನೆ ನಮ್ಮದಾದ ಹಾಗೇ. ಮಾತಿಗೆ ತಪ್ತಾರಾ ಯಾರಾದ್ರೂ?"

ಕೌಸಲ್ಯಮ್ಮ ಒಲೆ ಮುಂದಕ್ಕೆ ಮರಳಿದರು. ಅವರಿಗೆ ಕುಣಿಗಲ್ ನೆನಪಾಗಿತ್ತು. ಮಗನಿಗೆ ಅಲ್ಲಿ ಕೆಲಸ ಸಿಕ್ಕಾಗ ವಿಧಿಯಿಲ್ಲದೆ ಆಷಾಢದಲ್ಲೇ ಬಾಡಿಗೆ ಮನೆ ಹೊಕ್ಕಿದ್ದರು. ದೀಪಾವಳಿಗೆ ಮೊದಲೇ ಮಗು ಜ್ವರದಲ್ಲಿ ಹೋಯಿತು. ಹೆಣ್ಣುಮಗು; ಆಗತಾನೇ ಹೊಸಿಲು ದಾಟಲು ಕಲಿತಿತ್ತು. ಆ ಸಂಕಟವನ್ನು ಶಾರದ ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಇನ್ನೊಂದು ಮನೆಗೆ ಆ ತಿಂಗಳು ಸೋಕಬಾರದು, ಅಷ್ಟೇ ಅವಳ ಹಟ.

ಪಿನಾಂಗಿನ ಮನೆಯವನು ಕಾಯಲಿಲ್ಲ. ಆಗಸ್ಟಿನಲ್ಲಿ ತಂತಿ ಬಂತು: ಮನೆ ಹೋಯಿತು, ಮುಂಗಡವೂ ಹೋಯಿತು, ಸದ್ಯಕ್ಕೆ ಹೊರಡಬೇಡ.

೪ (೩ ಚೆನ್ನಾಗಿರಲಿಲ್ಲ)

ಕೊನೆ ಬೇಕೇ? ಆರಿಸಿಕೊಳ್ಳಿ.

ಮನೆ ಮಾರುವವನಿಗೆ ಕನಿಕರ ಹುಟ್ಟಿ ಮುಂಗಡ ವಾಪಸು ಕೊಡುತ್ತಾನೆ. (ನಗಬೇಡಿ.)

ಅಥವಾ ಶಾರದ ಹೊರಟೇಬಿಡುತ್ತಾಳೆ. ಆದರೆ ಗಂಡ ಇರುವುದು ನಾಲ್ಕು ಗಂಡಸರು ಮಲಗುವ ಕೋಣೆಯಲ್ಲಿ. ಎಲ್ಲಿರಿಸುತ್ತಾನೆ?

ಮೂರನೆಯದು ನನ್ನ ಮೆಚ್ಚಿನದು. ಕತೆ ನನ್ನದು, ಪಂಚಾಂಗವೂ ನನ್ನದೇ. ಗಡುವನ್ನು ಶ್ರಾವಣಕ್ಕೆ ತಳ್ಳಿದರಾಯಿತು, ಶಾರದ ಹಡಗಿನಲ್ಲಿ! ಖುಷಿಯಿಂದ ಅವಳಿಗೇ ಹೋಗಿ ಹೇಳಿದೆ.

ಅವಳು ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆಯುತ್ತಿದ್ದಳು.

"ತಿಂಗಳು ಬದಲಾಯಿಸೋದು ನಿಮ್ಮ ಕೈಲಿದ್ಯಾ?"

"ಇದೆ ತಾಯಿ, ಬರೆಯೋನು ನಾನೇ."

"ಹಾಗಾದ್ರೆ ಪಿನಾಂಗ್ ಹಾಳಾಗ್ಲಿ ಬಿಡಿ. ನಾವು ಕುಣಿಗಲ್ ಮನೆಗೆ ಹೋಗಿದ್ದು ಶ್ರಾವಣದಲ್ಲಿ ಅಂತ ಬರೀರಿ."

ಬರೆದೆ. ಶ್ರಾವಣದಲ್ಲಿ ಮನೆ ಹೊಕ್ಕರು. ಮಗುವಿಗೆ ಜ್ವರ ಬಂತು. ಹೊಡೆದುಹಾಕಿ ಮಾಘ ಎಂದು ಬರೆದೆ. ಆಗಲೂ ಬಂತು. ವೈಶಾಖ ಮಾಡಿದೆ, ಮುಹೂರ್ತ ಇಡಿಸಿದೆ, ಹಾಲು ಉಕ್ಕಿಸಿದೆ. ಮಗು ಉಳಿಯಲಿಲ್ಲ.

ತಪ್ಪು ಆಷಾಢದ್ದಲ್ಲ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಹೇಳಿದರೆ, ಗಂಡನ ಜೊತೆ ಬಾಳುವ ಮನೆಯನ್ನು ವೃಥಾ ಕಳೆದುಕೊಂಡೆ ಎಂದು ಕೊರಗುತ್ತಾಳೆ. ಹೇಳದಿದ್ದರೆ, ಆಷಾಢದಲ್ಲಿ ಹೊಸಿಲು ದಾಟಿ ಮಗುವನ್ನು ತಾನೇ ಕೊಂದೆ ಎಂದುಕೊಂಡೇ ಇರುತ್ತಾಳೆ. ನಿಮಗೇನಾದರೂ ತೋಚಿದರೆ ಹೇಳಿ, ನನಗೆ ತೋಚುತ್ತಿಲ್ಲ.

ಶಾರದ ಮಡಿಸಿದ ಸೀರೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಾಳೆ.

"ಬರೆದ್ರಾ?" ಎಂದಳು.

"ಬರೀತಾ ಇದೀನಿ ತಾಯಿ" ಎಂದೆ.