ಗಾಯ ಒಣಗುವ ದಿನಗಳು

ಆ ಮನೆಗೆ ಬೆಳಕು ನೆಂಟನಂತೆ ಬಂದು ಹೋಗುತ್ತಿತ್ತು. ಎದುರಿನ ಎತ್ತರದ ಕಟ್ಟಡಕ್ಕೂ ಪಕ್ಕದ ಗೋದಾಮಿಗೂ ನಡುವೆ ಉಳಿದ ಆಕಾಶದ ಕಿರುಸೀಳಿನಲ್ಲಿ ಸೂರ್ಯ ಮಧ್ಯಾಹ್ನ ಮೂರರ ಹೊತ್ತಿಗೆ ಒಮ್ಮೆ ಇಣುಕಿ, ಮೂರನೆಯ ಮಹಡಿಯ ಕಿಟಕಿಯ ಗಾಜಿನ ಮೇಲೆ ಹೊನ್ನಿನ ಪರದೆಯೊಂದನ್ನು ಹರವಿ, ಒಳಗಿನ ಹೊಲಿಗೆ ಯಂತ್ರದ ಚಕ್ರವನ್ನೂ ಗೋಡೆಗೊರಗಿದ ಬಟ್ಟೆಯ ಥಾನುಗಳನ್ನೂ ಅರೆಗಳಿಗೆ ಸವರಿ, ಕುಳಿತುಕೊಳ್ಳಿ ಎನ್ನುವ ಮೊದಲೇ ಎದ್ದು ಹೋಗಿಬಿಡುತ್ತಿದ್ದ. ಉಳಿದ ಹೊತ್ತೆಲ್ಲ ಅಲ್ಲಿ ಮಳೆ ಸುರಿಯುವ ಮುನ್ನಿನ ಮಬ್ಬು... ವಸಂತವಾಗಲಿ ಶಿಶಿರವಾಗಲಿ ಆ ಗಾಜಿನ ಹೊರಗೇ ನಿಂತು ಹಿಂದಿರುಗುತ್ತಿದ್ದವು. ಸಹೃದಯರೇ, ಬೀಗ ಜಡಿದ ಸೆರೆಮನೆಗಳನ್ನು ನೀವು ಹೊರಗಿನಿಂದಲಾದರೂ ಕಂಡಿರುತ್ತೀರಿ. ಬಾಗಿಲು ಹಗಲೆಲ್ಲ ತೆರೆದೇ ಇದ್ದರೂ ಯಾರಿಗೂ ಹೊಸಿಲು ದಾಟಲಾಗದಂಥ ಸೆರೆಯೂ ಉಂಟು. ಅದನ್ನು ಕಟ್ಟುವುದು ಪ್ರೀತಿಯೇ!

ಅಲ್ಲಿದ್ದವರು ಇಬ್ಬರು, ಅತ್ತೆ ಮತ್ತು ಸೊಸೆ. ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು; ನದಿಗಳ ಉಗಮವನ್ನೂ ಸಂಗಮವನ್ನೂ ಕಂಠಪಾಠ ಮಾಡಿಸಿದ ಆಕೆ ಈಗ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿಕೊಂಡಿದ್ದಳು. ಸೊಸೆ ಶಾಲಾ ಸಮವಸ್ತ್ರಗಳನ್ನು ಹೊಲಿಯುತ್ತಿದ್ದಳು. ಇಬ್ಬರನ್ನೂ ಬೆಸೆದಿದ್ದವನು ಐದು ವರ್ಷದ ಹಿಂದೆ, ತುಂಬುಪ್ರಾಯದಲ್ಲಿ, ಮೂರೇ ದಿನದ ಜ್ವರಕ್ಕೆ ತೀರಿಕೊಂಡಿದ್ದ.

ಅವನು ಬಿಟ್ಟುಹೋದದ್ದು ಒಂದು ಜೇಡ್ ಗಿಡ. ಮದುವೆಯಾದ ಹೊಸದರಲ್ಲಿ ಅಂಗೈಯಗಲದ ಕುಂಡದಲ್ಲಿ ತಂದಿಟ್ಟಿದ್ದ ಆ ಪುಟ್ಟ ಸಸಿ, ಎಳೆಗೂಸಿನ ಕೆನ್ನೆಯಂಥ ತುಂಬು ಎಲೆಗಳನ್ನು ಹೊತ್ತು, ಬೆಳಕಿಗಾಗಿ ಕೊರಳು ಚಾಚಿ ಚಾಚಿ, ಕಡೆಗೆ ಕಿಟಕಿಯ ಗಾಜಿಗೆ ಹಣೆಯೊತ್ತಿ ನಿಂತಿತ್ತು. ಟೊಂಗೆಗಳು ಮುರಿದಾವೆಂದು ಎರಡು ವರ್ಷದಿಂದ ಆ ಕಿಟಕಿಯನ್ನು ಯಾರೂ ತೆರೆದಿರಲಿಲ್ಲ. ಕತ್ತರಿಸುವ ಮಾತನ್ನು ಅತ್ತೆ ಎತ್ತಲಿಲ್ಲ, ಸೊಸೆಗೆ ನೋವಾದೀತೆಂದು. ಸೊಸೆಯೂ ಎತ್ತಲಿಲ್ಲ, ಅತ್ತೆಗೆ ನೋವಾದೀತೆಂದು.

ನೆಲಮಹಡಿಯಲ್ಲಿ ಕನ್ನಡಕದ ಅಂಗಡಿಯಿತ್ತು. ಕಟ್ಟಡದವರೆಲ್ಲ ಅದರ ಯಜಮಾನನನ್ನು ‘ಕನ್ನಡಕದವರು’ ಎಂದೇ ಕರೆಯುತ್ತಿದ್ದರು. ನಲವತ್ತು ದಾಟಿದ, ಒಂಟಿಯಾದ, ಮೆಲುದನಿಯ ಮನುಷ್ಯ. ಸೊಸೆಯಿಂದ ಕನ್ನಡಕಕ್ಕೆ ಬಟ್ಟೆಯ ಚೀಲ ಹೊಲಿಸುವ ನೆಪದಲ್ಲಿ ಮೊದಲಾದ ಪರಿಚಯ, ಮಂಜಿನ ಮುಂಜಾವಿನಲ್ಲಿ ಬೆಳಕು ಹಬ್ಬುವಂತೆ ಎಲ್ಲಿ ಮೊದಲಾಯಿತೆಂದು ತಿಳಿಯದಂತೆ ಅನುರಾಗವಾಗಿತ್ತು. ಚಳಿಗಾಲದ ಒಂದು ಸಂಜೆ ಮೆಟ್ಟಿಲ ತಿರುವಿನಲ್ಲಿ ಆತ ಕೇಳಿಯೂ ಕೇಳಿದ್ದ.

“ನನ್ನ ಜೊತೆ ಬಾಳೋಕೆ ನಿಮಗೆ ಒಪ್ಪಿಗೇನಾ? ಅವಸರ ಏನಿಲ್ಲ. ಯೋಚನೆ ಮಾಡಿ ಹೇಳಿ.”

“ಅತ್ತೆಗೆ ನನ್ನ ಬಿಟ್ರೆ ಯಾರೂ ಇಲ್ಲ,” ಎಂದಷ್ಟೇ ಹೇಳಿ ಆಕೆ ಮೆಟ್ಟಿಲೇರಿ ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಅಂದು ಸೂಜಿಯ ಕಣ್ಣಿಗೆ ದಾರ ಹೋಗಲೇ ಇಲ್ಲ.

ಹೀಗಿರಲು ಒಂದು ಬೆಳಗ್ಗೆ ಗಿಡದ ದೊಡ್ಡ ಟೊಂಗೆಯೊಂದು ತನ್ನ ಭಾರಕ್ಕೆ ತಾನೇ ಸೀಳಿ, ಕುಂಡ ವಾಲಿ, ನೆಲದ ತುಂಬ ಎಲೆಗಳು ಉದುರಿದವು. ಸೊಸೆ ಬಗ್ಗಿ ಎಲೆಗಳನ್ನು ಆಯತೊಡಗಿದಳು. ಅತ್ತೆ ಬಂದು ನೋಡಿ, “ಕನ್ನಡಕದವರ ಅಂಗಡೀಲಿ ಇಂಥದ್ದೇ ಗಿಡ ಇದೆಯಲ್ಲ, ಅವರನ್ನ ಕರಕೊಂಡು ಬಾ,” ಎಂದಳು.

ಆತ ಬಂದು ಮೊಣಕಾಲೂರಿ ಕುಳಿತು, ಕಾಂಡವನ್ನು ಬೆರಳಿಂದ ಒತ್ತಿದ. ಒಂದು ಕಡೆ ಮೆತ್ತಗಿತ್ತು.

“ನೀರು ಹೆಚ್ಚಾಗಿ ಕೊಳೀತಿದೆ. ದಿನಕ್ಕೆ ಎಷ್ಟು ಸಲ ಹಾಕ್ತೀರಿ?”

“ಒಂದೇ ಸಲ,” ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಾಗಾದ್ರೆ ಎರಡು ಸಲ,” ಎಂದು ಆತ ನಗು ತಡೆದುಕೊಂಡ. “ಇದಕ್ಕೆ ಹದಿನೈದು ದಿನಕ್ಕೊಂದು ಸಲ ಸಾಕಾಗಿತ್ತು. ಈಗ ಕೊಳೆತ ಟೊಂಗೆ ತೆಗೀಬೇಕು, ಉದ್ದ ಹೋಗಿರೋದನ್ನೂ ಮೊಟಕು ಮಾಡಬೇಕು. ಇಲ್ಲದಿದ್ರೆ ಬುಡಕ್ಕೇ ಇಳಿಯುತ್ತೆ.”

“ಬೇಡ,” ಎಂದಳು ಸೊಸೆ. “ಇದು ಅತ್ತೆಯವರ ಮಗ ತಂದ ಗಿಡ.”

ಆತ ಚಾಕುವಿನ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹಿಡಿದಿದ್ದ; ಕೈ ಹಾಗೇ ನಿಂತಿತು. ಅತ್ತೆ ಅದನ್ನು ಮೆಲ್ಲನೆ ತೆಗೆದುಕೊಂಡಳು. “ಎಲ್ಲಿ ಕತ್ತರಿಸಬೇಕು, ತೋರಿಸಪ್ಪ.”

ಆತ ಗಿಣ್ಣು ತೋರಿಸಿದ. ಅದರ ತುಸು ಮೇಲಕ್ಕೆ ಆಕೆ ಕತ್ತರಿಸಿದಳು. ಒಂದು, ಎರಡು, ಏಳು ಟೊಂಗೆ. ಕಣ್ಣು ಶ್ರಾವಣದ ಮೋಡದಂತೆ ತುಂಬಿಕೊಂಡಿತ್ತು. ಗಾಜು ಬರಿದಾದಾಗ ಆತ ಕಿಟಕಿಯನ್ನು ತಳ್ಳಿದ. ತುಕ್ಕು ಹಿಡಿದ ತಿರುಗಣಿ ಕಿರುಗುಟ್ಟಿ, ಎರಡು ವರ್ಷದ ನಂತರ ಒಳನುಗ್ಗಿದ ಗಾಳಿಗೆ ಯಂತ್ರದ ಕೆಳಗಿನ ಚಿಂದಿಗಳೆಲ್ಲ ಹಾರಿದವು.

“ಕತ್ತರಿಸಿದ ತುಂಡುಗಳಲ್ಲಿ ಗಟ್ಟಿ ಇರೋದನ್ನ ಪೇಪರಿನ ಮೇಲೆ ನೆರಳಲ್ಲಿಡಿ. ತುದಿ ಒಣಗಿ ಪೊರೆ ಕಟ್ಟಿದ ಮೇಲೆ ಮರಳು ಬೆರೆಸಿದ ಮಣ್ಣಿಗೆ ಊರಿ. ಅಲ್ಲೀತನಕ ತಾಯಿಗಿಡಕ್ಕೂ ಒಂದು ತೊಟ್ಟು ನೀರು ಬೇಡ.” ಇಷ್ಟು ಹೇಳಿ ಆತ ಇಳಿದುಹೋದ.

ನೀರು ಹಾಕದಿರುವುದು ಇಷ್ಟು ಕಷ್ಟವೆಂದು ಸೊಸೆಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ, ಮೊಂಡುಗೈಗಳಂತೆ ನಿಂತ ಗಿಡವನ್ನು ನೋಡಲಾರದೆ ಲೋಟ ಹಿಡಿದು ಹೋದಳು. ಹಿಂದಿನಿಂದ ಅತ್ತೆ ಮಣಿಕಟ್ಟು ಹಿಡಿದಳು.

“ಬೇಡಮ್ಮ. ಗಾಯ ಹಸಿ ಇದೆ.” ಕೈಯನ್ನು ಬಿಡದೆಯೇ ಮುಂದುವರಿಸಿದಳು, “ನನ್ನ ತಂಗಿ ಐದು ವರ್ಷದಿಂದ ಕರೀತಾನೇ ಇದಾಳೆ. ಅವಳ ಮನೆ ಹತ್ರ ಕೆರೆ ಇದೆ, ಬಯಲಿದೆ. ಹೋಗ್ಬೇಕು ಅಂತ ನಂಗೆ ತುಂಬ ಆಸೆ ಕಣೆ. ನೀನು ಒಬ್ಬಳೇ ಆಗ್ತೀಯಲ್ಲ ಅಂತ ಹೋಗ್ಲಿಲ್ಲ.”

“ನಾನು... ನಿಮಗೆ ಯಾರೂ ಇಲ್ಲ ಅಂತ...”

“ಮೆಟ್ಟಿಲ ಹತ್ರ ಹಾಗೇ ಅಂದೆಯಲ್ಲ. ಕನ್ನಡಕ ಬೇಕಾಗಿರೋದು ನನ್ನ ಕಣ್ಣಿಗೆ, ಕಿವಿಗಲ್ಲ.”

ಸೊಸೆ ನಗಲು ಹೋಗಿ ಅತ್ತಳು. ಬಿಡುಗಡೆಯ ಮೊದಲ ಮಾತು ಅವಳಿಗೆ ತಿರಸ್ಕಾರದಂತೆ ಕೇಳಿಸಿತ್ತು: ಇವರಿಗೆ ನಾನು ಬೇಕಾಗಿರಲಿಲ್ಲವೇ? ಮರುಗಳಿಗೆಯಲ್ಲೇ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಅತ್ತೆಯ ಮುಖದಲ್ಲೂ ಅದೇ ನೆರಳು ಬಿಸಿಲು ಸುಳಿಯುತ್ತಿತ್ತು.

ಹನ್ನೆರಡನೆಯ ದಿನ ಇಬ್ಬರೂ ಕೂಡಿ ನಾಲ್ಕು ತುಂಡುಗಳನ್ನು ಊರಿದರು. ಒಂದು ಕೊಳೆಯಿತು, ಮೂರು ಬೇರು ಬಿಟ್ಟವು. ತಾಯಿಗಿಡದ ಗಿಣ್ಣಿನಲ್ಲಿ ಅಕ್ಕಿಕಾಳಿನಂಥ ಚಿಗುರು ಕಾಣುವ ಹೊತ್ತಿಗೆ ತಿಂಗಳು ಕಳೆದಿತ್ತು. ಒಂದು ಬೆಳಗ್ಗೆ ಅತ್ತೆ, ಸಸಿಯೊಂದನ್ನು ಎದೆಗವಚಿಕೊಂಡು ತಂಗಿಯ ಊರಿನ ಬಸ್ಸು ಹತ್ತಿದಳು. “ಊಟ ಬಿಡಬೇಡ,” ಎಂದಳು.

ಹಿಂದಿರುಗಿದ ಸೊಸೆ ಮೆಟ್ಟಿಲೇರದೆ ಅಂಗಡಿಯ ಮುಂದೆ ನಿಂತಳು. ಆತ ಸ್ಟೂಲು ಸರಿಸಿಕೊಟ್ಟ. ಕುಳಿತು ಹೇಳಿದಳು, “ಮನೆ ಖಾಲಿಯಾಯ್ತು. ಸ್ವಲ್ಪ ದಿನ ಹಾಗೇ ಇರ್ತೀನಿ. ಆಮೇಲೆ ಬರ್ತೀನಿ.”

“ಆಗಲಿ,” ಎಂದ ಆತ. ಒರೆಸುತ್ತಿದ್ದ ಗಾಜನ್ನು ಮತ್ತೆ ಮತ್ತೆ ಒರೆಸಿದ. “ಬರ್ತೀನಿ ಅಂದ್ರಲ್ಲ, ಅಷ್ಟು ಸಾಕು.”

ನಮ್ಮವರ ಮನಸ್ಸನ್ನು ಬಲ್ಲೆವೆಂದು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ... ನಿನಗೇನು ಬೇಕು ಎಂದು ಕೇಳಲು ಅಂಜಿ, ನಾವೇ ಊಹಿಸಿದ ಉತ್ತರಕ್ಕೆ ಒಂದು ಆಯುಷ್ಯವನ್ನೇ ತೆತ್ತುಬಿಡುತ್ತೇವೆ. ಆ ಇಬ್ಬರು ಹೆಂಗಸರು ಕಳೆದುಕೊಂಡ ಐದು ವರ್ಷಗಳನ್ನು ವ್ಯರ್ಥವೆನ್ನಲು ನನಗೆ ನಾಲಿಗೆ ಏಳದು. ಅಷ್ಟು ಮಮತೆ ಅಲ್ಲಿತ್ತು. ಆದರೆ ಒಬ್ಬಳು ಧೈರ್ಯಮಾಡಿ ‘ನನಗೆ ಹೋಗಬೇಕೆಂದು ಆಸೆ’ ಎಂದಳಲ್ಲ, ಆ ಒಂದು ಮಾತಿನಲ್ಲಿದ್ದ ಪ್ರೀತಿ, ಆಡದೆ ಉಳಿದ ಅಷ್ಟು ವರ್ಷಗಳ ಮೌನಕ್ಕಿಂತ ಒಂದು ತೂಕ ಹೆಚ್ಚೇ ಇದ್ದೀತು.