ಶಶಿಯಕ್ಕನಿಗೆ ಗೊತ್ತಿದ್ದದ್ದು

"ಹೆದರ್ಬೇಡ, ಒಂದು ಹನಿ ಬಿಟ್ರೆ ಸಾಕು," ಎಂದರು ಹಿಂದಿನಿಂದ ಯಾರೋ. ಅಕ್ಷಿತಾಳ ಕೈ ತಪ್ಪಿ, ತುಳಸಿ ಎಲೆಯ ನೀರು ಶಶಿಪ್ರಭಾರ ತುಟಿಗೆ ಬೀಳದೆ ಗಲ್ಲದ ಮೇಲೆ ಹರಿಯಿತು. ಅವರ ತಂಗಿ ಕಾಂತಿ ಅದನ್ನು ಸೆರಗಿನಿಂದ ಒರೆಸಿದರು.

ಪಾಣೆಮಂಗಳೂರಿನ ಕಾಂತಿಯವರ ಮನೆಯ ಸಣ್ಣ ಅಂಗಳದಲ್ಲಿ ಮೂಡುಬಿದಿರೆಯ ಹಾಸ್ಟೆಲಿನ ಹುಡುಗಿಯರು ಗುಂಪಾಗಿ ನಿಂತಿದ್ದರು. ಅವರ ವಾರ್ಡನ್ ಶಶಿಪ್ರಭಾ, ಹುಡುಗಿಯರ ಶಶಿಯಕ್ಕ, ನಿನ್ನೆ ಬೆಳಿಗ್ಗೆ ಎದೆನೋವೆಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

"ಎಂಥ ಜೋರು ಮಾರಾಯ್ತಿ ಅವರದ್ದು! ಮೊಬೈಲ್ ತೆಗ್ದಿಟ್ರೆ ಒಂದು ವಾರ ವಾಪಸ್ ಕೊಡ್ತಿರ್ಲಿಲ್ಲ," ಎಂದಳು ಅಕ್ಷಿತಾಳ ರೂಮ್‌ಮೇಟ್ ಸಮೀನಾ, ಮೂಗು ಒರೆಸಿಕೊಳ್ಳುತ್ತಾ.

ಅಕ್ಷಿತಾಳಿಗೆ ಅಳು ಬರಲಿಲ್ಲ. ಬಂದದ್ದು ಹೆದರಿಕೆ. ತನಗೇನಾಗಿದೆ ಎಂದು ಗೊತ್ತಿದ್ದ ಒಬ್ಬರೇ ಒಬ್ಬರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು.

*

ಕಳೆದ ಮಳೆಗಾಲದಲ್ಲಿ ಅಕ್ಷಿತಾ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದಳು. ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಸ್ನಾನಕ್ಕೆ ಏಳುವುದೂ ಗುಡ್ಡ ಹತ್ತಿದಷ್ಟು ಕಷ್ಟವಾಗುತ್ತಿತ್ತು. ಬೆಳ್ತಂಗಡಿಯಿಂದ ಅಪ್ಪ ಫೋನ್ ಮಾಡಿದರೆ ಮಾತ್ರ ದನಿಯನ್ನು ಗೆಲುವಾಗಿಸಿ, "ಚೆಂದ ಓದ್ತಿದ್ದೇನೆ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಶಶಿಯಕ್ಕ ಗಂಜಿಯ ಬಟ್ಟಲು ಹಿಡಿದು ಬಂದು, ಬಾಗಿಲು ಹಾಕಿ, ಮಂಚದ ತುದಿಯಲ್ಲಿ ಕೂತರು.

"ಸಾಯ್ಬೇಕು ಅಂತ ಅನ್ನಿಸ್ತದಾ?"

ಅಕ್ಷಿತಾ ಹೌದೆಂದು ಮೆಲ್ಲಗೆ ತಲೆಯಾಡಿಸಿದಳು. ಬೈಗುಳ ಬರಲಿಲ್ಲ, ಬುದ್ಧಿವಾದವೂ ಬರಲಿಲ್ಲ.

"ಊಟ ಮಾಡು. ಸಂಜೆಗೇ ಡಾಕ್ಟ್ರ ಹತ್ರ ಹೋಗುವ. ಇದು ಕಾಯಿಲೆ, ನಿನ್ನ ಉದಾಸೀನ ಅಲ್ಲ."

ಅಂದಿನಿಂದ ದಿನಾ ಅವರ ಕೋಣೆಯಲ್ಲೇ ಮಾತ್ರೆ ನುಂಗಿ, ಮಾತಾಡಿ, ಕೆಲವೊಮ್ಮೆ ಸುಮ್ಮನೆ ಕೂತು ಬರುತ್ತಿದ್ದಳು.

*

ಗಂಡಸರು ಹೆಣ ಎತ್ತಿಕೊಂಡು ಹೋದ ಮೇಲೆ ಕಾಂತಿ ಅವಳನ್ನು ಬಾವಿಕಟ್ಟೆಯ ಹತ್ತಿರ ಕರೆದರು.

"ಮಾತ್ರೆ ತಗೊಳ್ತಿದ್ದೀಯಾ?"

ಅಕ್ಷಿತಾ ತಟ್ಟನೆ ತಲೆಯೆತ್ತಿದಳು. "ಅವರು ಹೇಳಿದ್ರಾ?"

"ಅವಳು ಯಾರ ವಿಷಯವನ್ನೂ ಹೇಳುವವಳಲ್ಲ. ನಿನ್ನ ಮುಖ ನೋಡಿ ಕೇಳಿದೆ. ಕಾಲೇಜಿಗೆ ಹೋಗುವಾಗ ಅಕ್ಕನ ಮುಖವೂ ಹೀಗೇ ಇತ್ತು. ಯಾರಿಗೂ ಅರ್ಥ ಆಗ್ಲಿಲ್ಲ, ಓದು ಅರ್ಧಕ್ಕೆ ನಿಂತಿತು. ಮದ್ದು ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ."

"ಗುಣ ಆಯ್ತಾ?"

ಕಾಂತಿ ಸುಳ್ಳು ಹೇಳಲಿಲ್ಲ. "ಹೋಗ್ತಿತ್ತು, ಮತ್ತೆ ಬರ್ತಿತ್ತು. ಬಂದಾಗೆಲ್ಲ ನನಗೆ ಫೋನ್ ಮಾಡ್ತಿದ್ದಳು. ನಾನು ಹೋಗಿ ಜೊತೆಗಿರ್ತಿದ್ದೆ. ಹಾಗೇ ಅರವತ್ತು ದಾಟಿದಳು." ಅವಳ ಕೈ ಹಿಡಿದು ಕೇಳಿದರು, "ನಿನಗೆ ಯಾರುಂಟು?"



ಮಧ್ಯಾಹ್ನ ಬಿ.ಸಿ.ರೋಡಿನ ಸ್ಟಾಂಡಿಗೆ ಮೂಡುಬಿದಿರೆಯ ಬಸ್ಸು ಬಂತು. ಹುಡುಗಿಯರೆಲ್ಲ ಹತ್ತಿದರು. ಸಮೀನಾ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು. "ಹತ್ತು ಮಾರಾಯ್ತಿ, ಸೀಟುಂಟು!"

ಅಕ್ಷಿತಾಳ ಕಾಲು ಮುಂದೆ ಬರಲಿಲ್ಲ.

"ಸಮೀನಾ, ನನಗೆ ಹುಷಾರಿಲ್ಲ. ಮನಸ್ಸಿಗೆ. ತುಂಬ ದಿನ ಆಯ್ತು. ನನ್ನನ್ನು ಒಬ್ಬಳೇ ಬಿಡ್ಬೇಡ, ನನಗೆ ನನ್ನದೇ ಹೆದರಿಕೆ ಆಗ್ತದೆ."

ಕಂಡಕ್ಟರ್ ಸೀಟಿ ಊದಿದ. ಸಮೀನಾ ಒಂದು ಕ್ಷಣ ಅವಳನ್ನೇ ನೋಡಿದಳು, ಮರುಕ್ಷಣ ಹೊರಟ ಬಸ್ಸಿನಿಂದ ಧುಮುಕಿದಳು. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿದು ಬಸ್ಸಿನ ಜೊತೆ ಹೋಯಿತು. ಅದರ ಕಡೆ ತಿರುಗಿಯೂ ನೋಡದೆ, ಒಂದು ಕಾಲು ಬರಿದಾಗಿಯೇ, ಕಾದ ಟಾರಿನ ಮೇಲೆ ಅವಳು ಅಕ್ಷಿತಾಳತ್ತ ಓಡಿ ಬಂದಳು.